ಯೋಗ ಮಾಡುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೇ?



ಸಂಘದ ಸಭೆಯಲ್ಲಾಗಲಿ, ಮಹಿಳಾ ತರಬೇತಿಯಲ್ಲಾಗಲಿ ಸಕ್ಕರೆ ಕಾಯಿಲೆಯ ಮಾತು ಬಂದರೆ ಸಾಮಾನ್ಯವಾಗಿ ಮೂರು ಉತ್ತರಗಳು ಕೇಳಿಬರುತ್ತವೆ. "ನಾವು ಬೆಳಗಿನಿಂದ ರಾತ್ರಿವರೆಗೆ ದುಡಿಯುವವರು, ನಮಗೆಲ್ಲಿಂದ ಬರುತ್ತದೆ?" ಎಂಬುದು ಒಂದು. "ನಾವು ತಿನ್ನುವುದು ರಾಗಿ ಮುದ್ದೆ, ನಮಗೆ ಬರುವುದಿಲ್ಲ" ಎಂಬುದು ಇನ್ನೊಂದು. ಈಚೆಗೆ ಹಳ್ಳಿಹಳ್ಳಿಯಲ್ಲೂ ಯೋಗ ತರಗತಿಗಳು ನಡೆಯುತ್ತಿರುವುದರಿಂದ ಮೂರನೆಯ ಉತ್ತರವೂ ಸೇರಿಕೊಂಡಿದೆ: "ನಾನು ದಿನಾ ಯೋಗ ಮಾಡುತ್ತೇನೆ, ನನಗೆ ಪರೀಕ್ಷೆ ಯಾಕೆ?"

ಯೋಗ ಮಾಡುವುದು ಬಹಳ ಒಳ್ಳೆಯದು. ಆದರೆ ಈ ಮೂರನೆಯ ಮಾತನ್ನು ನಂಬಿಕೊಂಡು ರಕ್ತ ಪರೀಕ್ಷೆಯನ್ನೇ ಬಿಟ್ಟವರಿಗೆ ಕಾಯಿಲೆ ಗೊತ್ತಾಗುವುದು ಎಷ್ಟೋ ಸಲ ಕಾಲಿನ ಗಾಯ ಮಾಯದೆ ಇದ್ದಾಗ, ಇಲ್ಲವೇ ಕಣ್ಣು ಮಂಜಾದಾಗ. ಯೋಗ ಯಾವ ಅಪಾಯವನ್ನು ಕಡಿಮೆ ಮಾಡುತ್ತದೆ, ಎಷ್ಟು ಕಡಿಮೆ ಮಾಡುತ್ತದೆ, ಯಾವುದನ್ನು ಅದರಿಂದ ಬದಲಿಸಲಾಗುವುದಿಲ್ಲ ಎಂಬುದನ್ನು ಈ ಪಾಠದಲ್ಲಿ ಲೆಕ್ಕ ಹಾಕಿ ನೋಡೋಣ.

ಕಾಯಿಲೆ ಹಳ್ಳಿಗೂ ಬಂದಿದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. 2023ರಲ್ಲಿ ಹೊರಬಂದ ಅದರ ಫಲಿತಾಂಶದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಅವರ ರಕ್ತದ ಸಕ್ಕರೆ ಇರಬೇಕಾದದ್ದಕ್ಕಿಂತ ಹೆಚ್ಚಿದೆ, ಆದರೆ ಕಾಯಿಲೆ ಎನ್ನುವ ಮಟ್ಟಕ್ಕೆ ಇನ್ನೂ ಮುಟ್ಟಿಲ್ಲ. ಇದನ್ನೇ ನಾವು "ಬಾರ್ಡರ್ ಶುಗರ್" ಎನ್ನುತ್ತೇವೆ.

ಪಟ್ಟಣದಲ್ಲಿ ನೂರು ವಯಸ್ಕರಲ್ಲಿ 16 ಜನರಿಗೆ ಕಾಯಿಲೆ ಇದ್ದರೆ, ಹಳ್ಳಿಯಲ್ಲಿ ಸುಮಾರು 9 ಜನರಿಗೆ ಇದೆ. ಹಳ್ಳಿಯೇ ವಾಸಿ ಎಂದು ಸಮಾಧಾನ ಪಡಬಹುದು. ಆದರೆ ಬಾರ್ಡರ್ ಶುಗರ್ ಲೆಕ್ಕ ಬೇರೆ ಹೇಳುತ್ತದೆ. ಅದು ಹಳ್ಳಿಯಲ್ಲೂ ಪಟ್ಟಣದಲ್ಲೂ ಒಂದೇ ಸಮ, ನೂರಕ್ಕೆ ಸುಮಾರು 15. ಅಂದರೆ ನಾಳೆ ಕಾಯಿಲೆ ಬರಬಹುದಾದವರು ಹಳ್ಳಿಯಲ್ಲಿ ಕಡಿಮೆಯೇನೂ ಇಲ್ಲ. ನೂರು ಜನ ಸದಸ್ಯೆಯರಿರುವ ಸಂಘದಲ್ಲಿ ಇಂಥವರು ಹತ್ತು ಹದಿನೈದು ಮಂದಿ ಇರಬಹುದು, ಅವರಲ್ಲಿ ಬಹಳ ಜನರಿಗೆ ಅದು ಗೊತ್ತೇ ಇರಲಿಕ್ಕಿಲ್ಲ.

ನಮ್ಮ ದುಡಿಮೆಯೂ ಬದಲಾಗಿದೆ. ಹಿಂದೆ ಹಸು ಹೊಡೆದುಕೊಂಡು ಮೈಲಿಗಟ್ಟಲೆ ನಡೆಯುತ್ತಿದ್ದೆವು. ಈಗ ಹಸುಗಳು ಕೊಟ್ಟಿಗೆಯಲ್ಲೇ ಇವೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಬಂದಿವೆ, ಡೇರಿಗೆ ಕ್ಯಾನು ಬೈಕಿನಲ್ಲಿ ಹೋಗುತ್ತದೆ. ಆಯಾಸ ಹಾಗೇ ಇದೆ, ಮೈ ಬಗ್ಗಿಸುವ ಕೆಲಸ ಮಾತ್ರ ಕಡಿಮೆಯಾಗಿದೆ.

ದೇಹದೊಳಗೆ ಏನಾಗುತ್ತದೆ?

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆ ರಕ್ತದಿಂದ ಮಾಂಸಖಂಡದ ಒಳಗೆ ಹೋದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಒಳಗೆ ಹೋಗಲು ಬಾಗಿಲು ತೆಗೆಯುವುದು ಇನ್ಸುಲಿನ್. ಇದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜ್ಜೀರಕ ಗ್ರಂಥಿಯಲ್ಲಿ ತಯಾರಾಗುತ್ತದೆ. ಸೊಂಟದ ಸುತ್ತ, ಹೊಟ್ಟೆಯೊಳಗೆ ಕೊಬ್ಬು ಹೆಚ್ಚಾದರೆ ಇನ್ಸುಲಿನ್ ಇದ್ದರೂ ಬಾಗಿಲು ಸರಿಯಾಗಿ ತೆಗೆಯುವುದಿಲ್ಲ. ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸಿ ವರ್ಷಗಟ್ಟಲೆ ಹೆಣಗುತ್ತದೆ. ಒಂದು ದಿನ ಸೋಲುತ್ತದೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ.

ಯೋಗ ಮೂರು ಕಡೆಯಿಂದ ಸಹಾಯ ಮಾಡುತ್ತದೆ. ಆಸನ, ಸೂರ್ಯನಮಸ್ಕಾರ ಮಾಡುವಾಗ ಮಾಂಸಖಂಡಗಳು ದುಡಿಯುತ್ತವೆ, ದುಡಿಯುವ ಮಾಂಸಖಂಡ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ದಿನಾ ಮಾಡಿದರೆ, ಊಟದಲ್ಲೂ ಹಿಡಿತವಿದ್ದರೆ, ಸೊಂಟದ ಕೊಬ್ಬು ಕರಗುತ್ತದೆ. ಪ್ರಾಣಾಯಾಮ, ಶವಾಸನದಿಂದ ಮನಸ್ಸಿನ ಒತ್ತಡ ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಒತ್ತಡದಲ್ಲಿದ್ದಾಗ ದೇಹದಲ್ಲಿ ಸುರಿಯುವ ಕೆಲವು ರಸಗಳು ಸಕ್ಕರೆಯನ್ನು ಏರಿಸುವಂಥವು, ಅವು ತಗ್ಗುತ್ತವೆ.

ಆದರೆ ನಿಮ್ಮ ವಯಸ್ಸನ್ನು ಯೋಗ ಇಳಿಸಲಾರದು. ತಂದೆತಾಯಿಯಿಂದ ಬಂದ ಗುಣವನ್ನೂ ಅದು ಅಳಿಸಲಾರದು.

ಯೋಗದಿಂದ ಎಷ್ಟು ಲಾಭ?

ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಐದು ಕೇಂದ್ರಗಳಲ್ಲಿ ಬಾರ್ಡರ್ ಶುಗರ್ ಇದ್ದ 974 ಜನರನ್ನು ಆರಿಸಿ ಎರಡು ಗುಂಪು ಮಾಡಿದರು. ಊಟ, ನಡಿಗೆ ಹೇಗಿರಬೇಕು ಎಂಬ ಸಲಹೆ ಎರಡೂ ಗುಂಪಿಗೆ ಸಿಕ್ಕಿತು. ಒಂದು ಗುಂಪಿಗೆ ಅದರ ಜೊತೆಗೆ ದಿನಾ 40 ನಿಮಿಷ ಆಸನ, ಪ್ರಾಣಾಯಾಮ ಹೇಳಿಕೊಟ್ಟರು. ಮೂರು ವರ್ಷ ಗಮನಿಸಿದರು.

ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 19 ಜನರಿಗೆ ಸಕ್ಕರೆ ಕಾಯಿಲೆ ಬಂತು. ಯೋಗವನ್ನೂ ಮಾಡಿದವರಲ್ಲಿ ನೂರಕ್ಕೆ 11ರಿಂದ 12 ಜನರಿಗೆ ಬಂತು.

ಈ ಲೆಕ್ಕವನ್ನು ಎರಡು ಸಲ ಓದಿ. ಮೊದಲನೆಯ ಸಲ ಓದಿದಾಗ ಯೋಗದ ಲಾಭ ಕಾಣುತ್ತದೆ. ನೂರರಲ್ಲಿ ಏಳೆಂಟು ಜನ ಯೋಗದಿಂದ ಕಾಯಿಲೆಯಿಂದ ಪಾರಾದರು, ಇದು ಸಣ್ಣ ಲಾಭವಲ್ಲ. ಎರಡನೆಯ ಸಲ ಓದಿದಾಗ ಇನ್ನೊಂದು ವಿಷಯ ಕಾಣುತ್ತದೆ. ಯೋಗ ಮಾಡಿದ ಗುಂಪಿನಲ್ಲೂ ಹನ್ನೊಂದು ಹನ್ನೆರಡು ಜನರಿಗೆ ಕಾಯಿಲೆ ಬಂದೇ ಬಂತು. ಅದು ಬೇಗ ಗೊತ್ತಾಗಿದ್ದು ಅವರನ್ನು ಪರೀಕ್ಷೆ ಮಾಡುತ್ತಿದ್ದುದರಿಂದ.

ಕೊಟ್ಟಿಗೆಯಲ್ಲಿ ನಮಗೆ ಇದು ಗೊತ್ತಿರುವ ವಿಷಯವೇ. ಹಾಲು ಕರೆದ ಮೇಲೆ ಮೊಲೆತೊಟ್ಟುಗಳನ್ನು ದ್ರಾವಣದಲ್ಲಿ ಅದ್ದಿದರೆ ಕೆಚ್ಚಲು ಬಾವು ಕಡಿಮೆಯಾಗುತ್ತದೆ. ಹಾಗೆಂದು ಸಿಎಂಟಿ ಪರೀಕ್ಷೆ ಬೇಡ ಎನ್ನುತ್ತೇವೆಯೇ? ಸುಪ್ತ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಊದಿರುವುದಿಲ್ಲ, ಹಾಲೂ ನೋಡಲು ಚೆನ್ನಾಗಿಯೇ ಇರುತ್ತದೆ. ದ್ರಾವಣ ಹಾಕಿ ಅಲುಗಾಡಿಸಿದಾಗ ಮಾತ್ರ ಲೋಳೆಯಾಗಿ ನಿಜ ಹೊರಬರುತ್ತದೆ. ಬಾರ್ಡರ್ ಶುಗರ್ ಕೂಡ ಹೀಗೆಯೇ, ನೋವಿಲ್ಲ, ಜ್ವರವಿಲ್ಲ. ಯೋಗವು ತೊಟ್ಟು ಅದ್ದುವುದಕ್ಕೆ ಸಮ, ರಕ್ತ ಪರೀಕ್ಷೆ ಸಿಎಂಟಿಗೆ ಸಮ. ಎರಡೂ ಬೇಕು.

ನಿಮ್ಮ ಅಂಕ ನೀವೇ ಹಾಕಿಕೊಳ್ಳಿ

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸಂಸ್ಥೆಯ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಭಾರತೀಯರಿಗಾಗಿಯೇ ಒಂದು ಅಂಕಪಟ್ಟಿ ಸಿದ್ಧಪಡಿಸಿದರು. ಸೂಜಿ ಚುಚ್ಚದೆ, ನಾಲ್ಕು ಪ್ರಶ್ನೆಗಳಿಂದ ಅಪಾಯ ಎಷ್ಟಿದೆ ಎಂದು ಇದರಿಂದ ತಿಳಿಯಬಹುದು. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು 2017ರಲ್ಲಿ "ನಿಯಂತ್ರಿತ ಮಧುಮೇಹ ಭಾರತ" ಎಂಬ ಹೆಸರಿನಲ್ಲಿ ದೇಶದ ಮನೆಮನೆ ಸಮೀಕ್ಷೆ ನಡೆಸಿದಾಗಲೂ ಯಾರಿಗೆ ಅಪಾಯ ಹೆಚ್ಚು ಎಂದು ಗುರುತಿಸಲು ಇದೇ ಅಂಕಪಟ್ಟಿ ಬಳಸಿದರು. ಯೋಗ ಕಲಿಸುವವರೇ ಮೊದಲು ಅಂಕ, ಪರೀಕ್ಷೆ, ಆಮೇಲೆ ಯೋಗ ಎಂದು ಹೋದರು ಎಂಬುದನ್ನು ಗಮನಿಸಿ.

1. ವಯಸ್ಸು: 35ಕ್ಕಿಂತ ಕಡಿಮೆ – 0, 35ರಿಂದ 49 – 20, 50 ಮತ್ತು ಮೇಲೆ – 30.

2. ಹೆಂಗಸರ ಸೊಂಟದ ಸುತ್ತಳತೆ: 80 ಸೆಂ.ಮೀ.ಗಿಂತ ಕಡಿಮೆ – 0. 80ರಿಂದ 89 – 10. 90 ಮತ್ತು ಮೇಲೆ – 20.

3. ದೈಹಿಕ ಶ್ರಮ: ನಿತ್ಯ ವ್ಯಾಯಾಮವೂ ಇದೆ, ಮೈ ಬಗ್ಗಿಸುವ ಕೆಲಸವೂ ಇದೆ – 0, ಎರಡರಲ್ಲಿ ಒಂದು ಮಾತ್ರ ಇದೆ – 20, ಎರಡೂ ಇಲ್ಲ – 30.

4. ತಂದೆತಾಯಿಗೆ ಸಕ್ಕರೆ ಕಾಯಿಲೆ: ಇಬ್ಬರಿಗೂ ಇಲ್ಲ – 0, ಒಬ್ಬರಿಗೆ – 10, ಇಬ್ಬರಿಗೂ – 20.

ನಾಲ್ಕನ್ನೂ ಕೂಡಿ. 30ಕ್ಕಿಂತ ಕಡಿಮೆ ಬಂದರೆ ಅಪಾಯ ಕಡಿಮೆ. 30ರಿಂದ 50 ಬಂದರೆ ಮಧ್ಯಮ. 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು.

ಸೊಂಟ ಅಳೆಯಲು ದರ್ಜಿಯ ಟೇಪು ಸಾಕು. ಹಸುವಿನ ಎದೆಯ ಸುತ್ತಳತೆ ಹಿಡಿದು ತೂಕ ಅಂದಾಜು ಮಾಡುವುದನ್ನು ನೀವು ನೋಡಿದ್ದೀರಿ. ಟೇಪು ಸರಿಯಾದ ಜಾಗದಲ್ಲಿರದಿದ್ದರೆ ಲೆಕ್ಕ ತಪ್ಪುತ್ತದೆ. ಇಲ್ಲೂ ಹಾಗೆಯೇ. ಸೀರೆಯ ನೆರಿಗೆ, ಲಂಗದ ಲಾಡಿ ಇರುವ ಕಡೆ ಅಳೆಯಬೇಡಿ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. 80 ಸೆಂ.ಮೀ. ಎಂದರೆ ಸುಮಾರು 31 ಮುಕ್ಕಾಲಿಗೆ ಸ್ವಲ್ಪ ಕಡಿಮೆ, ಅಂದರೆ ಮೂವತ್ತೊಂದೂವರೆ ಇಂಚು.

ಒಂದೇ ಮನೆಯ ಅತ್ತೆ, ಸೊಸೆ: ಲೆಕ್ಕದ ಉದಾಹರಣೆ

ಅತ್ತೆಗೆ 52 ವರ್ಷ ಎಂದಿಟ್ಟುಕೊಳ್ಳಿ. ಮೇವು ಕೊಯ್ದು ಹೊರೆ ತರುತ್ತಾರೆ, ಸಗಣಿ ಬಾಚುತ್ತಾರೆ, ದಿನಾ ಯೋಗವನ್ನೂ ಮಾಡುತ್ತಾರೆ. ಸೊಂಟ 92 ಸೆಂ.ಮೀ. ಅವರ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ವಯಸ್ಸಿಗೆ 30, ಸೊಂಟಕ್ಕೆ 20, ಶ್ರಮಕ್ಕೆ 0, ತಾಯಿಯ ಕಡೆಯಿಂದ 10. ಒಟ್ಟು 60.

ದುಡಿಮೆಯೂ ಇದೆ, ಯೋಗವೂ ಇದೆ, ಆದರೂ ಅಪಾಯ ಹೆಚ್ಚು ಎಂಬ ಸಾಲಿನಲ್ಲಿಯೇ ಇದ್ದಾರೆ. ಯೋಗ ವ್ಯರ್ಥವಾಯಿತೇ? ಇಲ್ಲ. ಯೋಗ ಮಾಡದಿದ್ದರೆ ಅಂಕ 80 ಆಗುತ್ತಿತ್ತು. ಸೊಂಟವನ್ನು 88ಕ್ಕೆ ಇಳಿಸಿದರೆ ಅಂಕ 50ಕ್ಕೆ ಬರುತ್ತದೆ. ಆದರೆ ಇವತ್ತು ಅವರು ರಕ್ತ ಪರೀಕ್ಷೆ ಮಾಡಿಸಲೇಬೇಕು.

ಸೊಸೆಗೆ 30 ವರ್ಷ. ಕೊಟ್ಟಿಗೆ ಕೆಲಸ ಪೂರ್ತಿ ಮಾಡುತ್ತಾಳೆ, ಯೋಗ ಇಲ್ಲ. ಸೊಂಟ 84. ತಂದೆಗೆ ಕಾಯಿಲೆ ಇದೆ. 0, 10, 20, 10 ಸೇರಿ 40. ಚಿಕ್ಕ ವಯಸ್ಸಿನವಳಾದರೂ ಮಧ್ಯಮ ಅಪಾಯ. ಅತ್ತೆಯ ಜೊತೆ ಅವಳೂ ನಿತ್ಯ ಯೋಗಕ್ಕೆ ಕೂತರೆ ಅಂಕ 20ಕ್ಕೆ ಇಳಿಯುತ್ತದೆ.  ನಲವತ್ತು ನಿಮಿಷ ಬಿಡುವು ಸೊಸೆಗೂ ಸಿಗುವಂತೆ ಮನೆಗೆಲಸ ಹಂಚಿಕೊಳ್ಳುವುದು ಮನೆಯವರ ಜವಾಬ್ದಾರಿ.

ಅಂಕಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾವು ಹೆಂಗಸರು ಕೇಳಿಕೊಳ್ಳಬೇಕು: ಬಸುರಿಯಾಗಿದ್ದಾಗ ಶುಗರ್ ಇತ್ತೇ? ಇದ್ದರೆ ಹೆರಿಗೆಯ ನಂತರ ಇಳಿದಿದ್ದರೂ ಮುಂದೆ ಕಾಯಿಲೆ ಬರುವ ಸಾಧ್ಯತೆ ಬಹಳ ಹೆಚ್ಚು. ಹೆರಿಗೆಯಾಗಿ ಆರು ವಾರಕ್ಕೆ ಒಮ್ಮೆ, ಆಮೇಲೂ ತಪ್ಪದೆ ಪರೀಕ್ಷೆ ಮಾಡಿಸಬೇಕು.

ಯಾವ ಯೋಗ, ಯಾವಾಗ?

ಹಾಲು ಕರೆಯುವ ಸಮಯ ತಪ್ಪಿಸುವಂತಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ತಿಂಡಿಗೆ ಮುಂಚೆ 20 ನಿಮಿಷ, ಸಂಜೆ ಹಾಲು ಕರೆಯುವ ಮುಂಚೆ 20 ನಿಮಿಷ ಹೊಂದಿಸಿಕೊಳ್ಳಬಹುದು. ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ.

- ಮೈ ಸಡಿಲಿಸುವ ಚಲನೆಗಳು, ಆಮೇಲೆ ನಿಧಾನವಾಗಿ ಸೂರ್ಯನಮಸ್ಕಾರ.
- ನಿಂತು ಮಾಡುವ ತಾಡಾಸನ, ತ್ರಿಕೋನಾಸನ.
- ಕೂತು ಮಾಡುವ ವಕ್ರಾಸನ, ಮಲಗಿ ಮಾಡುವ ಭುಜಂಗಾಸನ, ಪವನಮುಕ್ತಾಸನ.
- ನಾಡಿಶುದ್ಧಿ, ಭ್ರಾಮರಿ ಪ್ರಾಣಾಯಾಮ, ಕೊನೆಗೆ ಶವಾಸನ.

ಕಣ್ಣು ಮುಚ್ಚಿ ಕೂತು ಉಸಿರಾಟ ಮಾತ್ರ ಮಾಡಿದರೆ ಮನಸ್ಸಿಗೆ ಹಿತ, ಆದರೆ ಮಾಂಸಖಂಡಕ್ಕೆ ಕೆಲಸ ಸಿಗುವುದಿಲ್ಲ. ಅದನ್ನು ಅಂಕಪಟ್ಟಿಯ ವ್ಯಾಯಾಮಕ್ಕೆ ಲೆಕ್ಕ ಹಿಡಿಯಬೇಡಿ. ಜೂನ್ 21ರ ಯೋಗ ದಿನಕ್ಕೆ ಒಂದು ದಿನ ಮಾಡಿ ಬಿಟ್ಟರೂ ಪ್ರಯೋಜನವಿಲ್ಲ. ಮೊದಲು ಕಲಿತವರ ಮುಂದೆ ಕಲಿಯಿರಿ. ಬಸುರಿಯರು, ಬಿ.ಪಿ., ಹೃದಯದ ತೊಂದರೆ, ಬೆನ್ನಿನ ಡಿಸ್ಕ್ ತೊಂದರೆ, ಹರ್ನಿಯಾ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಇವರು ರಭಸದ ಕಪಾಲಭಾತಿ, ತಲೆಕೆಳಗಾಗಿ ಮಾಡುವ ಆಸನಗಳ ತಂಟೆಗೆ ಹೋಗಬೇಡಿ.

ಯೋಗದ ಜೊತೆಗೆ ತಟ್ಟೆ, ಲೋಟ

ದಿನಕ್ಕೆ ಐದು ಲೋಟ ಟೀ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ. ಒಂದು ಚಹಾ ಚಮಚ ಸುಮಾರು 5 ಗ್ರಾಂ. ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ಬೆಲ್ಲ ಹಾಕಿದರೂ ರಕ್ತಕ್ಕೆ ಸೇರುವುದು ಸಕ್ಕರೆಯೇ. ಬೆಳಗಿನ ಯೋಗದ ಲಾಭವನ್ನು ಟೀ ಲೋಟದಲ್ಲಿ ಕಳೆದುಕೊಳ್ಳಬೇಡಿ.

ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿದೆ, ನಿಜ. ಆದರೆ ಮುದ್ದೆಯೂ ಪಿಷ್ಟವೇ. ಎರಡು ದೊಡ್ಡ ಮುದ್ದೆ, ಮೇಲೆ ಅನ್ನ ಎಂದರೆ ಹೆಚ್ಚಾಯಿತು. ಮುದ್ದೆ ಒಂದಾಗಲಿ, ಸೊಪ್ಪು, ಕಾಳು, ತರಕಾರಿಯ ಪಲ್ಯ ದುಪ್ಪಟ್ಟಾಗಲಿ. ಸಕ್ಕರೆ ಹಾಕದ ಹಾಲು, ಮಜ್ಜಿಗೆ ಧಾರಾಳವಾಗಿ ನಡೆಯುತ್ತದೆ. ಹಾಲೆಲ್ಲ ಡೇರಿಗೆ ಹಾಕಿ ಮನೆಯವರಿಗೆ ಬರೀ ಸಕ್ಕರೆ ಟೀ ಉಳಿಸಬೇಡಿ.

ಪರೀಕ್ಷೆ ಹೇಗೆ?

ಡೇರಿಯಲ್ಲಿ ಹಾಲನ್ನು ಕಣ್ಣಳತೆಯಲ್ಲಿ ನೋಡಿ ಬೆಲೆ ಕಟ್ಟುವುದಿಲ್ಲ, ಕೊಬ್ಬಿನಂಶ, ಎಸ್‌ಎನ್‌ಎಫ್ ಅಳೆಯುತ್ತೇವೆ. ರಕ್ತವನ್ನೂ ಅಳೆದೇ ತಿಳಿಯಬೇಕು. 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಂಕ ಕಡಿಮೆ ಬಂದವರೂ 30 ದಾಟಿದ್ದರೆ ತಪಾಸಣೆ ಮಾಡಿಸಿ.

ಖಾಲಿ ಹೊಟ್ಟೆ ಪರೀಕ್ಷೆಗೆ ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು. ಹಾಲು ಹಾಕಿ ಬಂದು ಅರ್ಧ ಲೋಟ ಕಾಫಿ ಕುಡಿದು ಹೋದರೆ ಅದು ಖಾಲಿ ಹೊಟ್ಟೆಯಲ್ಲ. ನೀರು ಕುಡಿಯಬಹುದು.

- ಖಾಲಿ ಹೊಟ್ಟೆಯಲ್ಲಿ: 100ಕ್ಕಿಂತ ಕಡಿಮೆ ಸರಿ, 100–125 ಬಾರ್ಡರ್, 126 ಮತ್ತು ಮೇಲೆ ಕಾಯಿಲೆ.
- ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಗೆ: 140ಕ್ಕಿಂತ ಕಡಿಮೆ ಸರಿ, 140–199 ಬಾರ್ಡರ್, 200 ಮತ್ತು ಮೇಲೆ ಕಾಯಿಲೆ.
- ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ: 5.7ಕ್ಕಿಂತ ಕಡಿಮೆ ಸರಿ; 5.7–6.4 ಬಾರ್ಡರ್, 6.5 ಮತ್ತು ಮೇಲೆ ಕಾಯಿಲೆ. ರಕ್ತಹೀನತೆ ಇದ್ದರೆ ಈ ಅಂಕಿ ತಪ್ಪಾಗಿ ಬರಬಹುದು, ವೈದ್ಯರಿಗೆ ತಿಳಿಸಿ.

ಬೆರಳು ಚುಚ್ಚಿ ನೋಡುವುದು ಮೊದಲ ತಪಾಸಣೆ ಮಾತ್ರ. ಹೆಚ್ಚು ಬಂದರೆ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಬಾರ್ಡರ್ ಇದ್ದವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಯೋಗ ಹೆಚ್ಚು ಕೆಲಸ ಮಾಡುವ ಹಂತವೂ ಇದೇ, ಭಯ ಬೇಡ.

ಈಗಾಗಲೇ ಕಾಯಿಲೆ ಇದ್ದರೆ

ಯೋಗ ಶುರು ಮಾಡಿದೆ ಎಂದು ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ. ಸಕ್ಕರೆ ಇಳಿದಿದ್ದರೆ ಔಷಧಿ ಕಡಿಮೆ ಮಾಡುವುದನ್ನು ವೈದ್ಯರು ತೀರ್ಮಾನಿಸಲಿ. ಔಷಧಿ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೆಚ್ಚು ಶ್ರಮದ ಆಸನ ಮಾಡುವ ಮುಂಚೆ ಅವರನ್ನೇ ಕೇಳಿ. ಮೈ ಬೆವರಿ, ಕೈ ನಡುಗಿ, ವಿಪರೀತ ಹಸಿವಾಗಿ, ತಲೆ ತಿರುಗಿದರೆ ಸಕ್ಕರೆ ಕುಸಿದಿದೆ ಎಂದು ತಿಳಿದು ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೋಗಿ. ಕಣ್ಣಿನ ನರಕ್ಕೆ ತೊಂದರೆಯಾಗಿದೆ ಎಂದು ಹೇಳಿದ್ದರೆ ತಲೆ ಕೆಳಗೆ ಮಾಡುವ ಆಸನ ಬೇಡ.

ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಶುಗರ್ ಇದ್ದವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು, ಮುಳ್ಳು ಚುಚ್ಚಿದ್ದೂ ಹಸು ತುಳಿದ ಗಾಯವೂ ತಿಳಿಯುವುದಿಲ್ಲ. ಸಗಣಿ, ಗಂಜಲದಲ್ಲಿ ಗಾಯ ಕೊಳೆತರೆ ಕಾಲಿಗೇ ಕುತ್ತು. ಗಮ್‌ಬೂಟು ಹಾಕಿಕೊಳ್ಳಿ, ರಾತ್ರಿ ಮಲಗುವ ಮುಂಚೆ ಕಾಲು ತೊಳೆದು ಒರೆಸಿ, ಬೆರಳ ಸಂದು, ಅಂಗಾಲು ನೋಡಿಕೊಳ್ಳಿ.

ಮುಂದಿನ ಸಭೆಗೆ ಅಭ್ಯಾಸ

1. ಒಂದು ಟೇಪು ತನ್ನಿ. ಪ್ರತಿಯೊಬ್ಬ ಸದಸ್ಯೆಯ ಸೊಂಟ ಅಳೆದು, ನಾಲ್ಕು ಪ್ರಶ್ನೆಗಳ ಅಂಕ ಕೂಡಿ. ಅಂಕ ಅವರವರ ಕೈಯಲ್ಲೇ ಇರಲಿ, ಗಟ್ಟಿಯಾಗಿ ಓದುವುದು ಬೇಡ.
2. 60 ಮತ್ತು ಹೆಚ್ಚು ಬಂದವರು, ಬಸುರಿಯಲ್ಲಿ ಶುಗರ್ ಇದ್ದವರು ಒಂದೇ ದಿನ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಆ ದಿನ ಅವರ ಮನೆಯ ಹಾಲನ್ನು ಡೇರಿಗೆ ಯಾರು ತಲುಪಿಸುತ್ತಾರೆ ಎಂದು ಸಭೆಯಲ್ಲೇ ತೀರ್ಮಾನಿಸಿ.
3. ಯೋಗ ಮಾಡುವವರು ಮಾಡದ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಆರು ತಿಂಗಳ ನಂತರ ಮತ್ತೆ ಟೇಪು ಹಿಡಿಯಿರಿ.

ನೆನಪಿನಲ್ಲಿಡಿ: ಯೋಗ ಅಪಾಯವನ್ನು ಇಳಿಸುತ್ತದೆ. ಎಷ್ಟು ಇಳಿಯಿತು, ಎಷ್ಟು ಉಳಿಯಿತು ಎಂಬುದನ್ನು ಪರೀಕ್ಷೆಯೇ ಹೇಳಬೇಕು.